ಜೀಪಿನ ಶೆಡ್ಡಿಗೆ ಯಾವ ಮಾಡು? ಕೊಡಗಿನ ಮಳೆಗೆ ತಕ್ಕ ಆಯ್ಕೆಯ ಒಂದು ಹೋಲಿಕೆ

14 ಅಡಿ ಅಗಲ, 20 ಅಡಿ ಉದ್ದ. ಒಂದು ಜೀಪು ನಿಲ್ಲಲು, ಗೋಡೆಯ ಬದಿಗೆ ಹತಾರಗಳನ್ನು ಒರಗಿಸಲು, ಹಿಂದಿನ ಮೂಲೆಯಲ್ಲಿ ಕೆಲವು ಮೂಟೆ ಕಾಳುಮೆಣಸು ಇಡಲು ಇಷ್ಟು ಜಾಗ ಸಾಕು. ತೋಟದ ಮನೆಯಿಂದ ತುಸು ದೂರದಲ್ಲಿ ಇಂಥದೊಂದು ಶೆಡ್ಡನ್ನು ತಾವೇ ನಿಂತು ಕಟ್ಟಿಕೊಳ್ಳುವವರಿಗೆ ತಳಪಾಯವಾಗಲಿ ಗೋಡೆಯಾಗಲಿ ದೊಡ್ಡ ಗೊಂದಲ ತರುವುದಿಲ್ಲ. ಗೊಂದಲ ಶುರುವಾಗುವುದು ಮಾಡಿನ, ಅಂದರೆ ಚಾವಣಿಯ, ಆಕಾರವನ್ನು ನಿರ್ಧರಿಸಲು ಕುಳಿತಾಗ. ನಾಲ್ಕೂ ಕಡೆಗೆ ಇಳಿಯುವ ಮಾಡು, ಎಂಜಿನಿಯರುಗಳ ಮಾತಿನಲ್ಲಿ ಹಿಪ್ ರೂಫ್, ಐನ್‌ಮನೆಗಳನ್ನು (ಕೊಡವರ ಹಿರಿಯರ ಕುಟುಂಬದ ಮನೆಗಳನ್ನು) ನೋಡಿ ಬೆಳೆದ ಕಣ್ಣಿಗೆ ಬಹಳ ಸಹಜವಾಗಿ ಕಾಣುತ್ತದೆ. ಆದರೆ ಅದನ್ನು ಚೆಂದವೆಂಬ ಕಾರಣಕ್ಕೆ ಆರಿಸುವುದೂ ಸರಿಯಲ್ಲ, ಮರಗೆಲಸ ಕಷ್ಟವೆಂಬ ಕಾರಣಕ್ಕೆ ಕೈಬಿಡುವುದೂ ಸರಿಯಲ್ಲ. ಮಳೆ ಯಾವ ದಿಕ್ಕಿನಿಂದ ಬಂದು ಗೋಡೆಗೆ ಹೊಡೆಯುತ್ತದೆ, ಸೂರಿನಿಂದ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಆ ಜಾಗದಲ್ಲಿ ನಿಂತು ಉತ್ತರ ಕಂಡುಕೊಂಡರೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೊಡಗಿನೊಳಗೇ ಮಳೆ ಒಂದೇ ಬಗೆಯದಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಮಡಿಕೇರಿಯಲ್ಲಿ ವರ್ಷದ ಸರಾಸರಿ ಮಳೆ 3000 ಮಿಲಿಮೀಟರನ್ನು ದಾಟುತ್ತದೆ. ಭಾಗಮಂಡಲದ ಕಡೆ ಅದಕ್ಕಿಂತಲೂ ಹೆಚ್ಚು. ಕುಶಾಲನಗರದ ಬಯಲಿಗೆ ಇಳಿದರೆ ಅದರ ಅರ್ಧವೂ ಇರುವುದಿಲ್ಲ. ಆದ್ದರಿಂದ ಕುಶಾಲನಗರದ ನೆಂಟರ ಶೆಡ್ಡನ್ನು ನೋಡಿ ಬಂದು ನಾಪೋಕ್ಲಿನಲ್ಲಿ ಅದನ್ನೇ ಕಟ್ಟಿದರೆ ಮೊದಲ ಕಕ್ಕಡದಲ್ಲೇ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲೇ) ತಪ್ಪು ಗೊತ್ತಾಗುತ್ತದೆ.

ಬೇಗ ಬದಿಗಿಡಬಹುದಾದ ಆಯ್ಕೆಗಳು

ಸಮತಟ್ಟಾದ ಆರ್‌ಸಿಸಿ ಚಾವಣಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೇಲೆ ಮುಂದೊಂದು ದಿನ ಕೋಣೆ ಕಟ್ಟುವ ಉದ್ದೇಶವಿದ್ದರೆ ಮಾತ್ರ ಅದಕ್ಕೆ ಅರ್ಥವಿದೆ. ಇಲ್ಲವಾದರೆ ಮಳೆಗಾಲದ ನಾಲ್ಕು ತಿಂಗಳು ಪಾಚಿ ಕಟ್ಟುವ, ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಜಿನುಗುವ ಚಾವಣಿಗೆ ಕೆಲವೇ ವರ್ಷಗಳಲ್ಲಿ ಮೇಲೊಂದು ಶೀಟಿನ ಮಾಡು ಹಾಕಬೇಕಾಗುತ್ತದೆ. ಮಡಿಕೇರಿಯ ಬೀದಿಗಳಲ್ಲಿ ಕಣ್ಣೆತ್ತಿ ನೋಡಿದರೆ ಹಾಗೆ ಎರಡೆರಡು ಚಾವಣಿ ಹೊತ್ತ ಕಟ್ಟಡಗಳು ಎಷ್ಟೋ ಸಿಗುತ್ತವೆ. ಶೆಡ್ಡಿಗೆ ಎರಡು ಬಾರಿ ಹಣ ಹಾಕುವ ಅಗತ್ಯವಿಲ್ಲ.

ಒಂಟಿ ಇಳಿಜಾರಿನ ಮಾಡು ಎಲ್ಲಕ್ಕಿಂತ ಸುಲಭ ಮತ್ತು ಅಗ್ಗ. ಒಂದು ಗೋಡೆಯನ್ನು ಎತ್ತರಿಸಿ, ಎದುರಿನದನ್ನು ತಗ್ಗಿಸಿ, ಜಿಐ ಪೈಪಿನ ಮೇಲೆ ಶೀಟು ಹೊದಿಸಿದರೆ ಮುಗಿಯಿತು. 14 ಅಡಿ ಅಗಲಕ್ಕೆ 10 ಡಿಗ್ರಿ ಓಟ, ಅಂದರೆ ಇಳಿಜಾರಿನ ಕೋನ, ಕೊಟ್ಟರೆ ಎತ್ತರದ ಗೋಡೆ ಇನ್ನೊಂದಕ್ಕಿಂತ ಸುಮಾರು 2½ ಅಡಿ ಹೆಚ್ಚಿದ್ದರೆ ಸಾಕು. ಆದರೆ ಅದಕ್ಕೆ ಹೆಂಚು ಹೊದಿಸುವ ಆಸೆ ಬೇಡ. ಮಂಗಳೂರು ಹೆಂಚಿಗೆ ನಮ್ಮ ಮಳೆಯಲ್ಲಿ 30 ಡಿಗ್ರಿಯಾದರೂ ಓಟ ಬೇಕು ಎಂದಿಟ್ಟುಕೊಂಡರೆ ಗೋಡೆಗಳ ಎತ್ತರದ ವ್ಯತ್ಯಾಸವೇ 8 ಅಡಿ ದಾಟುತ್ತದೆ. ಎತ್ತರದ ಗೋಡೆ ಪಡುವಣಕ್ಕೆ ಮುಖ ಮಾಡಿದರೆ ಅದು ಎರಚಲಿಗೆ ಎದೆಯೊಡ್ಡಿ ನಿಂತಂತೆಯೇ ಸರಿ. ಒಂಟಿ ಇಳಿಜಾರು ಎಲ್ಲಿ ಉಳಿದ ಎಲ್ಲ ಆಯ್ಕೆಗಳನ್ನೂ ಮೀರಿಸುತ್ತದೆ ಎಂಬುದನ್ನು ಬರೆಯ, ಅಂದರೆ ಗುಡ್ಡವನ್ನು ಕಡಿದಾಗ ಉಳಿಯುವ ಮಣ್ಣಿನ ಗೋಡೆಯ, ವಿಷಯ ಬಂದಾಗ ಹೇಳುತ್ತೇನೆ.

ಎರಡು ಇಳಿಜಾರು ಮತ್ತು ಪಡುವಣ ಗೋಡೆ

ನಿಜವಾದ ಸ್ಪರ್ಧೆ ಇರುವುದು ಎರಡು ಇಳಿಜಾರಿನ ಮಾಡಿಗೂ ನಾಲ್ಕು ಇಳಿಜಾರಿನ ಮಾಡಿಗೂ ನಡುವೆ. ಎರಡು ಇಳಿಜಾರಿನ ಮಾಡಿನಲ್ಲಿ ಪಕ್ಕಾಸುಗಳೆಲ್ಲ (ನೆತ್ತಿಯಿಂದ ಸೂರಿನವರೆಗೆ ಇಳಿಯುವ ಮರಗಳೆಲ್ಲ) ಒಂದೇ ಅಳತೆಯವು; ಒಂದನ್ನು ಸರಿಯಾಗಿ ಕೊಯ್ದು ಅಚ್ಚಾಗಿ ಇಟ್ಟುಕೊಂಡರೆ ಉಳಿದವನ್ನು ಅದರ ಮೇಲಿಟ್ಟು ಗೆರೆ ಹಾಕಬಹುದು. ಕಬ್ಬಿಣದ ಟ್ರಸ್ (ಮಾಡನ್ನು ಹೊರುವ ಮುಕ್ಕೋನದ ಚೌಕಟ್ಟು) ಮಾಡುವುದಾದರೆ ನೆಲದ ಮೇಲೆಯೇ ಒಂದರ ಮೇಲೊಂದು ಇಟ್ಟು ಬೆಸುಗೆ ಹಾಕಿ, ನಾಲ್ವರು ಸೇರಿ ಎತ್ತಿ ನಿಲ್ಲಿಸಬಹುದು. ಗೋಡೆಗಳು ಒಂದೆರಡು ಇಂಚು ಓರೆಯಾಗಿದ್ದರೂ ಈ ಮಾಡು ಸಹಿಸಿಕೊಳ್ಳುತ್ತದೆ. ತಾವೇ ಕಟ್ಟುವವರಿಗೆ ಇದು ಸಣ್ಣ ಅನುಕೂಲವಲ್ಲ.

ಅದರ ದೌರ್ಬಲ್ಯ ಇರುವುದು ಎರಡು ತುದಿಯ ಮುಕ್ಕೋನದ ಗೋಡೆಗಳಲ್ಲಿ. 14 ಅಡಿ ಅಗಲದ ಶೆಡ್ಡಿಗೆ 30 ಡಿಗ್ರಿ ಓಟವಿದ್ದರೆ ಪ್ರತಿ ತುದಿಯಲ್ಲೂ ಸೂರಿನ ಮಟ್ಟದಿಂದ ಮೇಲಕ್ಕೆ 4 ಅಡಿ ಎತ್ತರದ, ಸುಮಾರು 28 ಚದರ ಅಡಿಯ ಗೋಡೆ ಏಳುತ್ತದೆ. ಬದಿಯ ಗೋಡೆಗಳಿಗೆ ಸೂರಿನ ನೆರಳಿದೆ, ಇವಕ್ಕೆ ಅಷ್ಟಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಮಳೆ ನೆಟ್ಟಗೆ ಬೀಳುವುದಕ್ಕಿಂತ ಗಾಳಿಯೊಂದಿಗೆ ಓರೆಯಾಗಿ ಬೀಳುವುದೇ ಹೆಚ್ಚು. ನಮ್ಮ ಮನೆಯ ಹಿಂದಿನ ಹಳೆಯ ಶೆಡ್ಡನ್ನು ನಾನು ಎರಡು ಇಳಿಜಾರಿನಲ್ಲಿ ಕಟ್ಟಿದ್ದೆ, ಮುಕ್ಕೋನದ ಒಂದು ಗೋಡೆ ನೇರ ಪಡುವಣಕ್ಕಿತ್ತು. ಎರಡನೆಯ ಮಳೆಗಾಲದ ಹೊತ್ತಿಗೆ ಆ ಗೋಡೆಯ ಒಳಮೈಯಲ್ಲಿ ಕಪ್ಪು ಮಚ್ಚೆಗಳು ಮೂಡಿ, ಅದಕ್ಕೆ ತಾಗಿಸಿ ಇಟ್ಟಿದ್ದ ಮೆಣಸಿನ ಮೂಟೆಗಳು ಬೂಷ್ಟು ಹಿಡಿದವು. ಹೊರಗೆ ಎರಡು ಬಾರಿ ಬಣ್ಣ ಬಳಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಆ ಗೋಡೆಗೆ ಶೀಟಿನ ಹೊದಿಕೆ ಹಾಕಬೇಕಾಯಿತು. ಮುಕ್ಕೋನದ ಗೋಡೆಗೆ ಮಾಡು ಹೊದಿಸಬೇಕಾಗಿ ಬರುವುದಾದರೆ ಮೊದಲೇ ಮಾಡನ್ನು ಆ ಕಡೆಗೂ ಇಳಿಸುವುದು ಲೇಸಲ್ಲವೇ ಎಂಬ ಯೋಚನೆ ನನಗೆ ಬಂದದ್ದು ಆಗ.

ಗಾಳಿಯ ವಿಷಯವೂ ಇದೆ. ಮುಕ್ಕೋನದ ಗೋಡೆಗೆ ಗಾಳಿ ಚಪ್ಪಟೆಯಾಗಿ ಬಡಿಯುತ್ತದೆ, ಅದರ ಮೇಲೆ ಚಾಚಿದ ಮಾಡಿನ ಅಂಚನ್ನು ಕೆಳಗಿನಿಂದ ಎತ್ತುತ್ತದೆ. ನಾಲ್ಕು ಇಳಿಜಾರಿನ ಮಾಡಿಗೆ ಅಂಥ ಚಪ್ಪಟೆ ಮುಖವಿಲ್ಲ. ಯಾವ ಕಡೆಯಿಂದ ಬಂದರೂ ಗಾಳಿ ಇಳಿಜಾರನ್ನು ಹತ್ತಿ ದಾಟಬೇಕು, ಜೊತೆಗೆ ನಾಲ್ಕು ಇಳಿಜಾರುಗಳು ಒಂದಕ್ಕೊಂದು ಆನಿಕೊಂಡು ನಿಂತಿರುತ್ತವೆ. ಗುಡ್ಡದ ನೆತ್ತಿಯಲ್ಲೋ ಮರಗಳ ಮರೆಯಿಲ್ಲದ ಬಾಣೆಯಲ್ಲೋ (ಗದ್ದೆಗೆ ಸೇರಿದ ಗುಡ್ಡದ ಜಮೀನಿನಲ್ಲೋ) ನಿಂತ ಶೆಡ್ಡಿಗೆ ಇದೊಂದೇ ಕಾರಣ ಸಾಕು. ಎರಡು ಇಳಿಜಾರನ್ನೇ ಆರಿಸಿದರೆ ಟ್ರಸ್‌ಗಳ ನಡುವೆ ಓರೆಗಂಬಿಗಳನ್ನು ಕಟ್ಟದೆ ಬಿಡಬಾರದು. ಇಲ್ಲವಾದರೆ ಅವೆಲ್ಲ ಒಂದೇ ದಿಕ್ಕಿಗೆ ವಾಲುವ ಅಪಾಯವಿದೆ.

ನಾಲ್ಕು ಇಳಿಜಾರಿನ ಲೆಕ್ಕ

ನಾಲ್ಕು ಇಳಿಜಾರಿಗೆ ಹೆಂಚು ಹೆಚ್ಚು ಬೇಕು ಎಂಬ ಮಾತನ್ನು ಹಲವರು ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಸುತ್ತಲೂ 2 ಅಡಿ ಸೂರು ಚಾಚಿದರೆ ನಮ್ಮ ಶೆಡ್ಡಿನ ಮಾಡಿನ ಅಡಿಯ ಜಾಗ 18 ಅಡಿ ಮತ್ತು 24 ಅಡಿ, ಅಂದರೆ 432 ಚದರ ಅಡಿ. ಓಟ 30 ಡಿಗ್ರಿಯಾದರೆ ಮಾಡಿನ ಮೇಲ್ಮೈ ಸುಮಾರು 500 ಚದರ ಅಡಿ. ಅದು ಎರಡು ಇಳಿಜಾರಿನದಾಗಿರಲಿ, ನಾಲ್ಕು ಇಳಿಜಾರಿನದಾಗಿರಲಿ, ಓಟ ಒಂದೇ ಇದ್ದರೆ ವಿಸ್ತೀರ್ಣವೂ ಒಂದೇ. ಚದರ ಮೀಟರಿಗೆ ಸುಮಾರು 15 ಹೆಂಚಿನಂತೆ ಎರಡಕ್ಕೂ 700ರ ಆಸುಪಾಸು ಹೆಂಚು ಬೇಕು. ವ್ಯತ್ಯಾಸ ಬರುವುದು ಬೇರೆ ಕಡೆ. ಎರಡು ಇಳಿಜಾರಿಗೆ ನೆತ್ತಿಯ ಮೇಲೆ 24 ಅಡಿ ಉದ್ದಕ್ಕೆ ಮೂಲೆಹೆಂಚು (ಎರಡು ಇಳಿಜಾರು ಕೂಡುವ ಗೆರೆಯನ್ನು ಮುಚ್ಚುವ ಹೆಂಚು) ಸಾಕು. ನಾಲ್ಕು ಇಳಿಜಾರಿನಲ್ಲಿ ನೆತ್ತಿ 6 ಅಡಿಗೆ ಇಳಿಯುತ್ತದೆ, ಆದರೆ ನಾಲ್ಕು ಮೂಲೆಗಳಿಂದ ಏರುವ 13 ಅಡಿ 9 ಇಂಚಿನ ನಾಲ್ಕು ಗೆರೆಗಳು ಸೇರಿ ಒಟ್ಟು 61 ಅಡಿಯಾಗುತ್ತದೆ. ಆ ಗೆರೆಗಳ ಎರಡೂ ಬದಿಗೆ ಹೆಂಚನ್ನು ಓರೆಯಾಗಿ ಕೊಯ್ಯಬೇಕು, ಒಂದಷ್ಟು ಒಡೆದು ಹಾಳಾಗುತ್ತವೆ. ಅದಕ್ಕೆ ಎದುರಾಗಿ ಎರಡು ಮುಕ್ಕೋನದ ಗೋಡೆಗಳ ಕಲ್ಲು, ಗಾರೆ, ಬಣ್ಣ ಉಳಿಯುತ್ತದೆ. ಸಾಮಗ್ರಿಯ ಲೆಕ್ಕದಲ್ಲಿ ಎರಡೂ ಬಹುತೇಕ ಸರಿದೂಗುತ್ತವೆ. ಸರಿದೂಗದಿರುವುದು ಕೆಲಸದ ದಿನಗಳು.

ಕೆಲಸ ಎಷ್ಟು ಹೆಚ್ಚುತ್ತದೆ ಎಂಬುದನ್ನು ಪಕ್ಕಾಸುಗಳನ್ನು ಎಣಿಸಿಯೇ ತಿಳಿಯಬಹುದು. 2 ಅಡಿಗೊಂದರಂತೆ ಎರಡು ಇಳಿಜಾರಿನ ಮಾಡಿಗೆ 26 ಪಕ್ಕಾಸು ಬೇಕು, ಎಲ್ಲವೂ ಒಂದೇ ಅಳತೆ. ನಾಲ್ಕು ಇಳಿಜಾರಿನದಕ್ಕೆ ಪೂರ್ಣ ಉದ್ದದವು 10, ಮೂಲೆ ಪಕ್ಕಾಸು 4, ಮೂಲೆ ಪಕ್ಕಾಸಿಗೆ ಬಂದು ತಾಗುವ ಗಿಡ್ಡ ಪಕ್ಕಾಸು 32, ಒಟ್ಟು 46. ಆ 32ರಲ್ಲಿ ಅರ್ಧ ಎಡಗೈಯವು, ಅರ್ಧ ಬಲಗೈಯವು. ಅದನ್ನು ಮರೆತು ಎಲ್ಲವನ್ನೂ ಒಂದೇ ಕಡೆಗೆ ಕೊಯ್ದರೆ ಅರ್ಧ ಮರ ವ್ಯರ್ಥವಾಗುತ್ತದೆ.

ಆದರೂ ಈ ಲೆಕ್ಕ ಹೆದರುವಂಥದ್ದಲ್ಲ. ಎಲ್ಲ ಇಳಿಜಾರುಗಳಿಗೂ ಒಂದೇ ಓಟ ಕೊಟ್ಟರೆ ಮೂಲೆ ಪಕ್ಕಾಸು ಮೇಲಿನಿಂದ ನೋಡಿದಾಗ ಸರಿಯಾಗಿ 45 ಡಿಗ್ರಿಯಲ್ಲಿ ಮಲಗಿರುತ್ತದೆ. ಗಿಡ್ಡ ಪಕ್ಕಾಸುಗಳು ಒಂದೇ ಪ್ರಮಾಣದಲ್ಲಿ ಚಿಕ್ಕದಾಗುತ್ತಾ ಹೋಗುತ್ತವೆ: 2 ಅಡಿ ಅಂತರ, 30 ಡಿಗ್ರಿ ಓಟಕ್ಕೆ ಪ್ರತಿಯೊಂದೂ ಹಿಂದಿನದಕ್ಕಿಂತ 2 ಅಡಿ 3¾ ಇಂಚು ಕಡಿಮೆ. ಪೂರ್ಣ ಪಕ್ಕಾಸು 10 ಅಡಿ 4¾ ಇಂಚಾದರೆ ಅದರ ಪಕ್ಕದ್ದು 8 ಅಡಿ 1 ಇಂಚು, ಹೀಗೆಯೇ ಮುಂದಿನವು. ಇವು ಮರದ ನಡುಗೆರೆಗೆ ತೆಗೆದ ಅಳತೆಗಳು. ಕೊಯ್ಯುವಾಗ ಬೆನ್ನುಮರದ (ನೆತ್ತಿಯ ಉದ್ದಕ್ಕೆ ಮಲಗಿದ ಮರದ) ಅರ್ಧ ದಪ್ಪವನ್ನೂ ಮೂಲೆ ಪಕ್ಕಾಸಿನ ಅರ್ಧ ದಪ್ಪವನ್ನು ಓರೆಯಲ್ಲಿ ಅಳೆದೂ ಕಳೆಯಬೇಕು. ಮೂಲೆ ಪಕ್ಕಾಸಿನ ಮೇಲಂಚನ್ನು ಎರಡೂ ಕಡೆಗೆ ಓರೆಯಾಗಿ ಸವರಬೇಕು, ಇಲ್ಲವೇ ಅದನ್ನೇ ತುಸು ತಗ್ಗಿಸಿ ಕೂರಿಸಬೇಕು. ಹಾಗೆ ಮಾಡದಿದ್ದರೆ ರೀಪುಗಳು (ಹೆಂಚು ಕೂರುವ ಅಡ್ಡಪಟ್ಟಿಗಳು) ಆ ಗೆರೆಯಲ್ಲಿ ಎದ್ದು ನಿಂತು ಹೆಂಚು ಅಲುಗಾಡುತ್ತದೆ.

ಈ ಲೆಕ್ಕಗಳೆಲ್ಲ ಗೋಡೆಗಳ ಮೂಲೆಗಳು ಲಂಬಕೋನವಾಗಿದ್ದರೆ ಮಾತ್ರ ಸರಿ ಬರುತ್ತವೆ. 14 ಮತ್ತು 20 ಅಡಿಯ ಕಟ್ಟಡದ ಕರ್ಣ ಎರಡೂ ಕಡೆಯಿಂದ 24 ಅಡಿ 5 ಇಂಚು ಬರಬೇಕು. ಪಾಯ ಹಾಕುವ ದಿನವೇ ಟೇಪು ಹಿಡಿದು ಇದನ್ನು ನೋಡಿಕೊಳ್ಳಬೇಕು. ಕರ್ಣಗಳಲ್ಲಿ ಮೂರು ಇಂಚು ವ್ಯತ್ಯಾಸವಿದ್ದರೂ ಮೂಲೆ ಪಕ್ಕಾಸುಗಳು ಬೆನ್ನುಮರದ ತುದಿಯಲ್ಲಿ ಸರಿಯಾಗಿ ಕೂಡುವುದಿಲ್ಲ. ಗೋಡೆ ಆಗಲೇ ಓರೆಯಾಗಿ ಎದ್ದಿದ್ದರೆ ನಾಲ್ಕು ಇಳಿಜಾರಿನ ಹಟ ಬಿಡುವುದೇ ಒಳ್ಳೆಯದು.

ಮತ್ತೊಂದು ಎಚ್ಚರ ಮೂಲೆಗಳ ಬಗ್ಗೆ. ಮೂಲೆ ಪಕ್ಕಾಸು ಎರಡು ಇಳಿಜಾರುಗಳ ಭಾರವನ್ನು ಹೊತ್ತು ತಂದು ಗೋಡೆಯ ಮೂಲೆಯನ್ನು ಹೊರಕ್ಕೆ ತಳ್ಳುತ್ತದೆ. ಒದ್ದೆ ಹೆಂಚಿನ ಎರಡು ಟನ್ ಭಾರ ಅಲ್ಲಿಗೆ ಹಂಚಿಹೋಗುತ್ತದೆ ಎಂಬುದನ್ನು ಮರೆಯಬಾರದು. ಗೋಡೆಯ ಮೇಲೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿ, ಅದರೊಳಗಿನ ಸರಳುಗಳನ್ನು ಮೂಲೆಯಲ್ಲಿ ತುಂಡರಿಸದೆ ಬಗ್ಗಿಸಿ ಮುಂದಕ್ಕೆ ಒಯ್ದು, ಪಟ್ಟಿಮರವನ್ನು (ಗೋಡೆಯ ತಲೆಯ ಮೇಲೆ ಪಕ್ಕಾಸುಗಳು ಕೂರುವ ಮರವನ್ನು) ಕಟ್ಟಲು ಬೋಲ್ಟುಗಳನ್ನು ಕಾಂಕ್ರೀಟು ಹಸಿಯಿರುವಾಗಲೇ ನೆಡಬೇಕು. ಅಡ್ಡತೊಲೆಗಳು 14 ಅಡಿಯ ಅಗಲಕ್ಕೆ ಎರಡಾದರೂ ಬೇಕು. ಇದರಲ್ಲಿ ಉಳಿತಾಯ ಮಾಡುವುದನ್ನು ನಾನು ಯಾರಿಗೂ ಹೇಳಲಾರೆ.

ಬರೆಯ ಕಡೆಗೆ ಬೀಳುವ ನೀರು

ಇಲ್ಲಿಯವರೆಗೆ ನಾಲ್ಕು ಇಳಿಜಾರಿನ ಪರವಾಗಿಯೇ ಮಾತಾಡಿದಂತಾಯಿತು. ಆದರೆ ಕೊಡಗಿನಲ್ಲಿ ಸಮತಟ್ಟಾದ ಜಾಗ ಅಪರೂಪ. ಹೆಚ್ಚಿನ ಶೆಡ್ಡುಗಳು ನಿಲ್ಲುವುದು ಗುಡ್ಡದ ಬದಿಯನ್ನು ಕಡಿದು ಮಾಡಿದ ತಟ್ಟಿನಲ್ಲಿ. ಹಿಂದೆ ಆಳೆತ್ತರದ ಬರೆ, ಮುಂದೆ ಇಳಿಜಾರು. ಅಲ್ಲಿ ನಾಲ್ಕು ಇಳಿಜಾರಿನ ಮಾಡು ಗಾಳಿಗೆ ಒಳ್ಳೆಯದಾದರೂ ಮಣ್ಣಿಗೆ ಒಳ್ಳೆಯದಲ್ಲ, ಏಕೆಂದರೆ ಅದು ನೀರನ್ನು ನಾಲ್ಕೂ ಕಡೆಗೆ ಸುರಿಯುತ್ತದೆ, ಬರೆಯ ಬುಡಕ್ಕೂ.

ನಮ್ಮ ಅಳತೆಯ ಮಾಡಿನ ಮೇಲೆ ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ ಒಟ್ಟು ಸುಮಾರು 4000 ಲೀಟರ್ ನೀರಾಗುತ್ತದೆ. ಉದ್ದದ ಬದಿ ಬರೆಗೆ ಎದುರಾಗಿದ್ದರೆ ಅದರಲ್ಲಿ 1250 ಲೀಟರ್ ಆ ಕಡೆಗೆ ಬೀಳುತ್ತದೆ. ಅಗಲದ ಬದಿ ಎದುರಾಗಿದ್ದರೆ 750 ಲೀಟರ್. ಎರಡು ಇಳಿಜಾರಿನ ಮಾಡನ್ನು ಮುಕ್ಕೋನದ ಗೋಡೆ ಬರೆಯ ಕಡೆಗೆ ಬರುವಂತೆ ನಿಲ್ಲಿಸಿದರೆ ಆ ಕಡೆಗೆ ಒಂದು ಹನಿಯೂ ಹರಿಯುವುದಿಲ್ಲ; ತಿರುಗಿಸಿ ನಿಲ್ಲಿಸಿದರೆ ಅರ್ಧ ನೀರು, ಅಂದರೆ 2000 ಲೀಟರ್, ಅಲ್ಲಿಗೇ. ಬರೆಯಿಂದ ಹೊರಗೆ ಓಟ ಕೊಟ್ಟ ಒಂಟಿ ಇಳಿಜಾರಿನದಂತೂ ಎಲ್ಲ ನೀರನ್ನೂ ಮುಂದಕ್ಕೆ ಎಸೆಯುತ್ತದೆ. ಬರೆ ಎತ್ತರವಿದ್ದು, ಅದಕ್ಕೂ ಗೋಡೆಗೂ ನಡುವೆ ಮೂರು ಅಡಿಯೂ ಜಾಗವಿಲ್ಲದಿದ್ದರೆ ನಾನು ಒಂಟಿ ಇಳಿಜಾರನ್ನೇ ಆರಿಸುತ್ತೇನೆ. ಅಂಥ ಕಡೆ ಗಾಳಿಗೆ ಬರೆಯೇ ಮರೆಯಾಗಿರುವುದರಿಂದ ಎತ್ತರದ ಗೋಡೆಗೂ ಎರಚಲಿನ ಭಯ ಕಡಿಮೆ.

2018ರ ಆಗಸ್ಟ್‌ನಲ್ಲಿ ಜಿಲ್ಲೆಯ ಹಲವೆಡೆ ಗುಡ್ಡಗಳು ಜರಿದದ್ದನ್ನು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಮತ್ತೆ ಜರಿದದ್ದನ್ನು ಕಂಡವರಿಗೆ ಬರೆಯ ಬುಡದ ನೀರಿನ ಬಗ್ಗೆ ವಿವರಿಸಬೇಕಾಗಿಲ್ಲ. ಒಂದು ಶೆಡ್ಡಿನ ಸೂರಿನ ನೀರಿನಿಂದ ಗುಡ್ಡ ಕುಸಿಯುವುದಿಲ್ಲ, ನಿಜ. ಆದರೆ ಬರೆಯ ಬುಡ ನಾಲ್ಕು ತಿಂಗಳು ನೆನೆದು ಮೆತ್ತಗಾಗಲು ಅಷ್ಟು ನೀರು ಸಾಕು. ಸೂರಿನ ಅಂಚಿಗೆ ದಂಬೆ (ನೀರು ಹಿಡಿದೊಯ್ಯುವ ತೋಡು) ಕಟ್ಟಿ ಸಾಗಿಸುತ್ತೇವೆ ಎನ್ನುವವರು ಸಿಲ್ವರ್ ಓಕಿನ ಎಲೆ ಜುಲೈಯಲ್ಲಿ ದಂಬೆಯನ್ನು ಎಷ್ಟು ಬೇಗ ಕಟ್ಟಿಬಿಡುತ್ತದೆ ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿ. ಕಟ್ಟಿದ ದಂಬೆಯಿಂದ ತುಳುಕುವ ನೀರು ಒಂದೇ ಜಾಗದಲ್ಲಿ ಬಿದ್ದು ಹೆಚ್ಚು ಹಾನಿ ಮಾಡುತ್ತದೆ.

ಬೇಲಿಯ ಪಕ್ಕ ಕಟ್ಟುವವರಿಗೂ ಇದೇ ಮಾತು. ನಾಲ್ಕೂ ಕಡೆ ಸೂರು ಎರಡೆರಡು ಅಡಿ ಚಾಚುವುದರಿಂದ ಗೋಡೆಯನ್ನು ಗಡಿಯಿಂದ ಅಷ್ಟು ಒಳಕ್ಕೆ ಸರಿಸಬೇಕು; ಪಕ್ಕದವರ ಜಾಗಕ್ಕೆ ನಮ್ಮ ಸೂರಿನ ನೀರು ಬೀಳಬಾರದು. ಪಂಚಾಯಿತಿಯ ಅನುಮತಿಗೆ ನಕ್ಷೆ ಕೊಡುವಾಗ ಗೋಡೆಯ ಅಳತೆಯ ಜೊತೆಗೆ ಸೂರಿನ ಅಳತೆಯನ್ನೂ ಬರೆಯುವುದು ಕ್ಷೇಮ.

ಬಾಗಿಲು ಸೂರಿಗೆ ತಾಗದಿರಲಿ

ಈ ತೊಡಕನ್ನು ಬಹಳ ಜನ ಮಾಡು ಏರಿದ ಮೇಲೆ ಕಾಣುತ್ತಾರೆ. ನಾಲ್ಕು ಇಳಿಜಾರಿನಲ್ಲಿ ಬಾಗಿಲಿನ ಮೇಲೂ ಸೂರು ಇಳಿಯುತ್ತದೆ. 30 ಡಿಗ್ರಿ ಓಟದಲ್ಲಿ 2 ಅಡಿ ಚಾಚಿದ ಸೂರು ಗೋಡೆಯ ತಲೆಗಿಂತ 1 ಅಡಿ 2 ಇಂಚು ಕೆಳಗೆ ಬರುತ್ತದೆ. ಗೋಡೆ 9 ಅಡಿ ಇದ್ದರೆ ಸೂರಿನ ಅಂಚು 7 ಅಡಿ 10 ಇಂಚಿನಲ್ಲಿ. 8 ಅಡಿಯ ಬಾಗಿಲನ್ನು ಹೊರಕ್ಕೆ ತೆರೆದರೆ ಅದು ನೇರ ಸೂರಿಗೆ ಬಡಿಯುತ್ತದೆ, ಮೇಲೆ ಕ್ಯಾರಿಯರ್ ಕಟ್ಟಿದ ಜೀಪಿಗೂ ಕಷ್ಟ. ಆದ್ದರಿಂದ ರೋಲಿಂಗ್ ಶಟರ್ ಹಾಕಬೇಕು, ಇಲ್ಲವೇ ಗೋಡೆಯನ್ನು 10 ಅಡಿಗೆ ಏರಿಸಬೇಕು. ಬಾಗಿಲಿನ ಮೇಲಿನ ಲಿಂಟೆಲ್ಲಿಗೂ ಇಲ್ಲಿ ಪಕ್ಕಾಸುಗಳ ಭಾರ ಬೀಳುತ್ತದೆ. ಮುಕ್ಕೋನದ ಗೋಡೆಯಲ್ಲಾದರೆ ಅದು ತನ್ನ ಮೇಲಿನ ಗೋಡೆಯನ್ನು ಹೊತ್ತರೆ ಸಾಕು.

ಹೆಂಚೋ, ಶೀಟೋ

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಘಟ್ಟದ ಮೇಲೂ ಕೆಳಗೂ ಹರಡಿದ ಹೆಂಚು ಇಂದಿಗೂ ನಮ್ಮ ಮಳೆಗೆ ಹೊಂದುತ್ತದೆ. ಶೆಡ್ಡಿನ ಮೇಲೆ ಮರದ ಕೊಂಬೆ ಬಿದ್ದರೆ ಒಡೆದ ನಾಲ್ಕು ಹೆಂಚನ್ನು ಬದಲಿಸಿದರಾಯಿತು. ಶೀಟು ತೂತಾದರೆ ಇಡೀ ಶೀಟನ್ನೇ ತೆಗೆಯಬೇಕು. ಹೆಂಚಿನ ಸಂದುಗಳಲ್ಲಿ ಗಾಳಿಯಾಡುವುದರಿಂದ ಒಳಗೆ ತೇವ ಕಟ್ಟುವುದೂ ಕಡಿಮೆ. ಆದರೆ ಮೂಲೆಗೆರೆಯಲ್ಲಿ ಹೆಂಚಿಗೆ ಒಂದು ದುರ್ಬಲತೆಯಿದೆ: ಮಾಡಿನ ಓಟ 30 ಡಿಗ್ರಿಯಾದರೂ ಮೂಲೆಗೆರೆಯ ಓಟ 22 ಡಿಗ್ರಿ ಮಾತ್ರ. ಅಲ್ಲಿ ಮೂಲೆಹೆಂಚನ್ನು ಗಾರೆಯ ಮೇಲಷ್ಟೇ ಕೂರಿಸಿದರೆ ಗಾರೆ ಬಿರಿದು, ನೀರು ಮೂಲೆ ಪಕ್ಕಾಸಿಗೆ ಇಳಿದು, ಹೊರಗೆ ಏನೂ ಕಾಣದಂತೆ ಮರವನ್ನು ಕೊಳೆಸುತ್ತದೆ. ಗಾರೆಯ ಅಡಿಗೆ ತಗಡಿನ ಅಗಲವಾದ ಪಟ್ಟಿಯನ್ನು ಮಡಿಸಿ ಹಾಸುವುದನ್ನು ತಪ್ಪಿಸಬಾರದು.

ಶೀಟಿನ ಮಾಡು ಹಗುರ, ಬೇಗ ಮುಗಿಯುತ್ತದೆ. ಓರೆಯಾಗಿ ಕೊಯ್ಯುವಾಗ ವ್ಯರ್ಥವಾಗುತ್ತದೆ ಎಂಬ ಅಂಜಿಕೆಗೆ ಒಂದು ಪರಿಹಾರವಿದೆ. ಓಟ ಎಲ್ಲ ಕಡೆಗೂ ಒಂದೇ ಇದ್ದರೆ, ಎಡಮೂಲೆಗೆ ಕೊಯ್ದು ಉಳಿದ ಮುಕ್ಕೋನದ ತುಂಡನ್ನು ತಲೆಕೆಳಗಾಗಿ ತಿರುಗಿಸಿದರೆ ಅದು ಇನ್ನೊಂದು ಇಳಿಜಾರಿನ ಎಡಮೂಲೆಗೆ ಕೂರುತ್ತದೆ. ಸಾಧಾರಣ ಏರಿಳಿತದ ಶೀಟಿಗೆ ಮಾತ್ರ ಇದು ಸಾಧ್ಯ. ಹೆಂಚಿನ ಅಚ್ಚಿನಲ್ಲಿ ಒತ್ತಿದ ಶೀಟಿನ ಮೆಟ್ಟಿಲುಗಳು ಕೆಳಮುಖವಾಗಿಯೇ ಇರಬೇಕಾದ್ದರಿಂದ ಅದನ್ನು ತಿರುಗಿಸಲು ಬರುವುದಿಲ್ಲ. ಅಂಗಡಿಯಲ್ಲಿ ಶೀಟು ಆರಿಸುವ ಮೊದಲೇ ಇದನ್ನು ಯೋಚಿಸಿರಬೇಕು.

ಮರದ ಬಗ್ಗೆ ಒಂದು ಮಾತು. ತೋಟದ ಸಿಲ್ವರ್ ಓಕ್ ಕೈಗೆಟಕುವಷ್ಟು ಹತ್ತಿರದಲ್ಲಿರುತ್ತದೆ, ಆದರೆ ಚೆನ್ನಾಗಿ ಒಣಗಿಸಿ ಔಷಧಿ ಉಣಿಸದೆ ಅದನ್ನು ಪಕ್ಕಾಸಿಗೆ ಬಳಸಿದರೆ ಹುಳು ಬಿಡುವುದಿಲ್ಲ. ಮೂಲೆ ಪಕ್ಕಾಸಿಗಾದರೂ ಹಲಸಿನಂಥ ಗಟ್ಟಿ ಮರ ಇರಲಿ. ಬಾಣೆ ಜಮೀನಿನ ಮರವಾದರೆ ಕೊಡಲಿ ಹಾಕುವ ಮೊದಲು ಅದರ ಹಕ್ಕು ಯಾರದೆಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಲೇಬೇಕು.

ಒಂದು ತುದಿಗೆ ಮಾತ್ರ ಇಳಿಸುವ ದಾರಿ

ನನ್ನ ಹೊಸ ಶೆಡ್ಡಿಗೆ ನಾನು ಕೊನೆಗೆ ಆರಿಸಿದ್ದು ಇವೆರಡರ ನಡುವಿನದನ್ನು. ಪಡುವಣದ ತುದಿಯನ್ನು ಮೂರನೆಯ ಇಳಿಜಾರಾಗಿ ಇಳಿಸಿ, ಮೂಡಣದ ತುದಿಯಲ್ಲಿ ಮುಕ್ಕೋನದ ಗೋಡೆಯನ್ನು ಹಾಗೆಯೇ ಬಿಟ್ಟು, ಬಾಗಿಲನ್ನು ಅಲ್ಲಿಟ್ಟೆ. ಇದರಲ್ಲಿ ಮೂಲೆ ಪಕ್ಕಾಸು ಎರಡೇ, ಗಿಡ್ಡ ಪಕ್ಕಾಸು 16 ಮಾತ್ರ, ಮೂಲೆಹೆಂಚಿನ ಉದ್ದ 61ರ ಬದಲು 42½ ಅಡಿ. ಎರಚಲು ಹೊಡೆಯುವ ಕಡೆಗೆ ಪೂರ್ಣ ರಕ್ಷಣೆ ಸಿಕ್ಕಿತು. ಬಾಗಿಲು ಸೂರಿಗೆ ತಾಗುವ ತೊಂದರೆಯೂ ಬರಲಿಲ್ಲ. ಬಾಗಿಲಿನ ಮೇಲಿನ ಮುಕ್ಕೋನದಲ್ಲಿ ಜಾಲಂದ್ರ ಬಿಟ್ಟದ್ದರಿಂದ ಎಂಜಿನ್ನಿನ ಹೊಗೆಯೂ ಮೆಣಸಿನ ಮೂಟೆಯ ತೇವವೂ ಹೊರಹೋಗುತ್ತದೆ. ಬರೆ ಒಂದು ತುದಿಗಿದ್ದರೆ ಮುಕ್ಕೋನದ ಗೋಡೆಯನ್ನು ಆ ತುದಿಗೆ ಕೊಟ್ಟು ಬಾಗಿಲನ್ನು ಬದಿಯ ಗೋಡೆಗೆ ಸರಿಸಬಹುದು.

ಸುತ್ತಲೂ ಬಯಲಿದ್ದು, ನೀರು ನಾಲ್ಕೂ ಕಡೆಗೆ ಸಲೀಸಾಗಿ ಹರಿದುಹೋಗುವ ಎತ್ತರದ ಜಾಗವಾದರೆ ಪೂರ್ಣ ನಾಲ್ಕು ಇಳಿಜಾರಿಗೆ ಸಮನಾದದ್ದಿಲ್ಲ. ಮೊದಲ ಬಾರಿಗೆ ಮಾಡು ಕಟ್ಟುವವರಿಗೆ, ಪಡುವಣದಲ್ಲಿ ಮರಗಳ ಮರೆ ಇರುವವರಿಗೆ, ಕುಶಾಲನಗರದ ಕಡೆಯವರಿಗೆ ಎರಡು ಇಳಿಜಾರು ಸಾಕು. ಗಾಳಿಯ ದಿಕ್ಕು ಕಣಿವೆಯಿಂದ ಕಣಿವೆಗೆ ಬದಲಾಗುವುದರಿಂದ ಪಡುವಣ ಎಂಬ ಮಾತನ್ನೂ ಕುರುಡಾಗಿ ನಂಬಬೇಕಾಗಿಲ್ಲ: ಈಗಿರುವ ಮನೆಯ ಯಾವ ಗೋಡೆಯಲ್ಲಿ ಪಾಚಿ ಹೆಚ್ಚು ಎತ್ತರಕ್ಕೆ ಹಬ್ಬಿದೆ ಎಂದು ನೋಡಿದರೆ ಸಾಕು, ಮಳೆ ಹೊಡೆಯುವ ದಿಕ್ಕು ಅದೇ.

ಯಾವುದನ್ನೇ ಆರಿಸಿದರೂ ಪುತ್ತರಿ (ನವೆಂಬರ್-ಡಿಸೆಂಬರ್‌ನ ಸುಗ್ಗಿಹಬ್ಬ) ಕಳೆದ ಕೂಡಲೇ ಪಾಯ ಹಾಕಿ, ಕಾಫಿ ಕೊಯ್ಲಿನ ನಡುವೆ ಆಳುಗಳು ಸಿಗುವುದು ಕಷ್ಟವೆಂಬುದನ್ನು ಲೆಕ್ಕಕ್ಕೆ ಇಟ್ಟುಕೊಂಡು, ಏಪ್ರಿಲ್ ಮುಗಿಯುವುದರೊಳಗೆ ಪಕ್ಕಾಸು ಏರಿಸಿರಬೇಕು. ಮೇ ತಿಂಗಳಲ್ಲಿ ಗುಡುಗಿನ ಮೊದಲ ದೊಡ್ಡ ಮಳೆ ಬಂದ ರಾತ್ರಿ ಟಾರ್ಚು ಹಿಡಿದು ಶೆಡ್ಡಿನೊಳಗೆ ಹೋಗಿ, ಮೂಲೆ ಪಕ್ಕಾಸುಗಳನ್ನು ಬುಡದಿಂದ ನೆತ್ತಿಯವರೆಗೆ ಒಂದೊಂದಾಗಿ ಕೈಯಿಂದ ಮುಟ್ಟಿ ನೋಡಬೇಕು. ತೇವ ತಾಗಿದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿಟ್ಟರೆ, ಜೂನ್ ಹಿಡಿಯುವ ಮೊದಲು ಮೇಲಿನ ಮೂಲೆಹೆಂಚನ್ನು ಬಿಚ್ಚಿ ಸರಿಪಡಿಸಲು ಇನ್ನೂ ಕೆಲವು ಬಿಸಿಲಿನ ದಿನಗಳು ಉಳಿದಿರುತ್ತವೆ.